ಹಳೇ ಬಡಾವಣೆಯಲ್ಲಿ ಹೊಸ ಪಾರ್ಕಿಗೆ ಜಾಗವೇ ಇಲ್ಲ, ಏನು ಮಾಡಬಹುದು?

ಮೊದಲು ಇರುವ ಜಾಗ ಕೈತಪ್ಪದಂತೆ ನೋಡಿಕೊಳ್ಳಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಲಾಗಿತ್ತು. ನಿವಾಸಿಗಳು ಹೈಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಪಾರ್ಕು ಕೈಬಿಟ್ಟು ಹೋಗುವಾಗ ಪ್ರಶ್ನಿಸುವ ಹಕ್ಕು ಬಡಾವಣೆಯವರಿಗೆ ಇದೆ ಎಂದು ಆ ತೀರ್ಪು ಸ್ಪಷ್ಟವಾಗಿ ಹೇಳುತ್ತದೆ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ 1985ರ ರಾಜ್ಯ ಕಾಯ್ದೆಯೂ ಇದೆ. ಆದ್ದರಿಂದ ಬಡಾವಣೆಯ ಮಂಜೂರಾದ ನಕ್ಷೆಗೆ ಆರ್‌ಟಿಐ ಅರ್ಜಿ ಹಾಕಿ, ನಕ್ಷೆ ಹಿಡಿದು ಬೀದಿ ಬೀದಿ ಸುತ್ತಿ. ಎಷ್ಟೋ ಕಡೆ ಪಾರ್ಕ್ ಎಂದಿರುವಲ್ಲಿ ಶೆಡ್ಡು ಎದ್ದಿರುತ್ತದೆ.

ಆಮೇಲೆ ಸುಧಾರಣೆ. ದುಡ್ಡು ಬಂದ ಕೂಡಲೇ ಟೈಲ್ಸ್ ಹಾಕಿಸುವ ಚಾಳಿ ನನಗೆ ನಿಜಕ್ಕೂ ನೋವು ಕೊಡುತ್ತದೆ. ಹೊಂಗೆ ಮರದ ಬುಡದವರೆಗೂ ಸಿಮೆಂಟ್ ಬಳಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮಳೆ ನೀರೆಲ್ಲ ರಸ್ತೆಗೆ ಹರಿಯುತ್ತದೆ. ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಿ, ತಗ್ಗಿನ ಮೂಲೆಯಲ್ಲಿ ಇಂಗುಗುಂಡಿ ತೋಡಿಸಿ. ಒಂದೇ ಗೇಟಿದ್ದರೆ ಇನ್ನೊಂದು ಕಡೆಯಿಂದಲೂ ದಾರಿ ಮಾಡಿಸಿ. ಹಿಂದಿನ ಬೀದಿಯ ಅಜ್ಜಿಗೆ ಅಷ್ಟರಿಂದಲೇ ಪಾರ್ಕು ಹತ್ತಿರವಾಗುತ್ತದೆ. ಒರಗುವ ಬೆಂಚು, ದೀಪ, ಬೀಗ ಹಾಕದ ಶೌಚಾಲಯ ಇರಲೇಬೇಕು. ಮಧ್ಯಾಹ್ನ ಪಾರ್ಕು ಮುಚ್ಚುವುದು ಬೇಡ. ಮನೆಗೆಲಸದವರು, ಡೆಲಿವರಿ ಹುಡುಗರು ಕೂರುವ ಹೊತ್ತು ಅದು.

ಮಲ್ಲೇಶ್ವರದಂಥ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ, ಅಂದರೆ ಹಿಂದಿನ ಕಾಲದಲ್ಲಿ ಮನೆಗಳ ಕಸ, ಹೊಲಸು ಸಾಗಿಸಲೆಂದು ಬಿಟ್ಟಿದ್ದ ಕಿರುದಾರಿಗಳು. ಕಸ ತೆಗೆದು ಬೆಳಕು ಹಾಕಿದರೆ ಮಕ್ಕಳು ಗಾಡಿಗಳ ಭಯವಿಲ್ಲದೆ ನಡೆದಾಡಬಹುದು. ಹೊಸ ಜಾಗಕ್ಕೆ ಕಾಯುವ ಬದಲು ಅಲ್ಲಿಂದಲೇ ಶುರು ಮಾಡಿ.