ಚೈನ್ ಲಾಕ್: ಓದುಗರ ಐದು ಪ್ರಶ್ನೆಗಳು

ಮೋಟಾರ್‌ಸೈಕಲ್ ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿಗೆ ತಯಾರಕರು ಇಟ್ಟ ಹೆಸರು ಮಾಸ್ಟರ್ ಲಿಂಕ್. ಗ್ಯಾರೇಜಿನ ಮಾತಿನಲ್ಲಿ ಅದು ಚೈನ್ ಲಾಕ್. ಎರಡು ಪಿನ್ನುಗಳಿರುವ ಒಂದು ಪ್ಲೇಟನ್ನು ಚೈನಿನ ತುದಿಗಳಿಗೆ ತೂರಿಸಿ, ಹೊರಬಂದ ಪಿನ್ನುಗಳ ಮೇಲೆ ಇನ್ನೊಂದು ಪ್ಲೇಟನ್ನು ಕೂರಿಸುತ್ತಾರೆ. ಅದು ಕಳಚದಂತೆ ಪಿನ್ನಿನ ಕಚ್ಚಿಗೆ ಸ್ಪ್ರಿಂಗಿನಂಥ ಕ್ಲಿಪ್ ಸಿಕ್ಕಿಸಿದರೆ ಕ್ಲಿಪ್ ಲಾಕ್, ಪಿನ್ನಿನ ತುದಿಯನ್ನೇ ಒತ್ತಿ ಅರಳಿಸಿದರೆ ರಿವೆಟ್ ಲಾಕ್. ಇದೊಂದೇ ಭಾಗದ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿ ಈ ಸಲ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಗಾಡಿಯ ಚೈನಿನ ಮೇಲೆ 428 ಎಚ್ ಎಂದು ಅಚ್ಚಾಗಿದೆ. ಲಾಕ್ ಸವೆದಿದ್ದರಿಂದ ಹೊಸದೊಂದನ್ನು ತಂದೆ. ಅದರ ಪೊಟ್ಟಣದ ಮೇಲೆ 428 ಎಂದಷ್ಟೇ ಇತ್ತು. ಪಿನ್ನುಗಳು ತೂರಿದವು, ಪ್ಲೇಟೂ ಕೂತಿತು, ಆದರೆ ಕ್ಲಿಪ್ ಮಾತ್ರ ಎಷ್ಟು ಒತ್ತಿದರೂ ಕೂರುತ್ತಿಲ್ಲ. ಸಂಖ್ಯೆ ಒಂದೇ ಇರುವಾಗ ಹೀಗೇಕೆ?

ಉತ್ತರ: ಕ್ಲಿಪ್ ಕೂರದೇ ಇದ್ದದ್ದು ನಿಮ್ಮ ಅದೃಷ್ಟವೆಂದೇ ಹೇಳಬೇಕು, ಏಕೆಂದರೆ ಅರೆಬರೆ ಕೂತಿದ್ದರೆ ನೀವು ಹಾಗೆಯೇ ಗಾಡಿ ಓಡಿಸಿಬಿಡುತ್ತಿದ್ದಿರಿ. ಚೈನಿನ ಸಂಖ್ಯೆ ಹೇಳುವುದು ಎರಡೇ ಸಂಗತಿಗಳನ್ನು. ಮೊದಲ ಅಂಕಿ, ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಇರುವ ದೂರವನ್ನು ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ: 4 ಎಂದರೆ ಅರ್ಧ ಇಂಚು, ಅಂದರೆ 12.7 ಮಿ.ಮೀ.; 5 ಎಂದರೆ 15.875 ಮಿ.ಮೀ. ಕೊನೆಯ ಎರಡು ಅಂಕಿಗಳು ಒಳಪ್ಲೇಟುಗಳ ನಡುವಿನ ಅಗಲದ ಸಂಕೇತ: 420 ಮತ್ತು 520ರಲ್ಲಿ ಅದು 6.35 ಮಿ.ಮೀ., 428 ಮತ್ತು 525ರಲ್ಲಿ 7.94 ಮಿ.ಮೀ., 530ರಲ್ಲಿ 9.53 ಮಿ.ಮೀ. (ಹಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ ಪಿನ್ನನ್ನು ಸುತ್ತುವರಿದ ಕೊಳವೆಯಾದ ಬುಷ್ ಮತ್ತು ಅದರ ಮೇಲೆ ತಿರುಗುವ ರೋಲರ್ ಇರುವ ಚೈನನ್ನು ರೂಪಿಸಿದ್ದು 1880ರಲ್ಲಿ. ಉಳಿದೆಲ್ಲವನ್ನೂ ಮಿಲಿಮೀಟರಿನಲ್ಲಿ ಅಳೆಯುವ ತಯಾರಕರು ಕೂಡ ಚೈನಿನ ಮಟ್ಟಿಗೆ ಇಂಚಿನ ಲೆಕ್ಕವನ್ನು ಇಂದಿಗೂ ಬಿಟ್ಟಿಲ್ಲ.)

ಈ ಎರಡು ಅಳತೆಗಳು ಚೈನು ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಹೊಂದುತ್ತದೆಯೇ ಎಂಬುದನ್ನು ತಿಳಿಸುತ್ತವೆಯೇ ಹೊರತು ಲಾಕ್ ಚೈನಿಗೆ ಹೊಂದುತ್ತದೆಯೇ ಎಂಬುದನ್ನಲ್ಲ. ಎಚ್ ಎಂಬ ಅಕ್ಷರ ಪ್ಲೇಟು ಹೆಚ್ಚು ದಪ್ಪವಿದೆ ಎಂಬುದರ ಗುರುತು. ಒಳಗೆ ಎರಡು, ಹೊರಗೆ ಎರಡು, ಹೀಗೆ ನಾಲ್ಕು ಪ್ಲೇಟುಗಳೂ ದಪ್ಪವಾದಾಗ ಪಿನ್ ಅಷ್ಟೇ ಉದ್ದವಾಗಬೇಕಾಗುತ್ತದೆ. ನೀವು ತಂದ ಲಾಕಿನ ಪಿನ್ ಗಿಡ್ಡ. ಆದ್ದರಿಂದ ಕ್ಲಿಪ್ ಹಿಡಿದುಕೊಳ್ಳಬೇಕಾದ ಕಚ್ಚು ಪ್ಲೇಟಿನ ಹೊರಗೆ ಪೂರ್ತಿ ಬಂದಿಲ್ಲ. ಇದನ್ನೇ ತಿರುವುಮುರುವು ಮಾಡಿ ಎಚ್ ಲಾಕನ್ನು ಸಾದಾ ಚೈನಿಗೆ ಹಾಕಿದರೆ ಕ್ಲಿಪ್ ಸುಲಭವಾಗಿ ಕೂರುತ್ತದೆ, ಆದರೆ ಕೊಂಡಿ ಅಡ್ಡಕ್ಕೆ ಸಡಿಲವಾಗಿ ಆಡುತ್ತದೆ, ಮತ್ತು ಆ ತಪ್ಪು ಕಣ್ಣಿಗೆ ಬೀಳುವುದು ತಡವಾಗಿ. ಓ-ರಿಂಗ್ ಚೈನುಗಳಲ್ಲಿ ರಬ್ಬರ್ ಉಂಗುರಗಳಿಗೂ ಜಾಗ ಬೇಕಾದ್ದರಿಂದ ಪಿನ್ನಿನ ಉದ್ದ ಮತ್ತೂ ಬೇರೆ. ಅಷ್ಟೇ ಅಲ್ಲ, ಒಂದೇ ಸಂಖ್ಯೆಯ ಎರಡು ಕಂಪನಿಗಳ ಚೈನುಗಳಲ್ಲಿ ಪಿನ್ನಿನ ದಪ್ಪ, ಪ್ಲೇಟಿನ ತೂತು, ಉಂಗುರದ ಆಕಾರ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಆದ್ದರಿಂದ ಲಾಕನ್ನು ಕೊಳ್ಳುವಾಗ ಗಾಡಿಯ ಹೆಸರನ್ನಾಗಲಿ ಬರೀ ಸಂಖ್ಯೆಯನ್ನಾಗಲಿ ಹೇಳದೆ, ಚೈನಿನ ಪ್ಲೇಟಿನ ಮೇಲಿರುವ ಕಂಪನಿಯ ಗುರುತು ಮತ್ತು ಅಕ್ಷರಗಳ ಸಮೇತ ಪೂರ್ತಿ ಸಂಕೇತವನ್ನು ಬರೆದುಕೊಂಡು ಹೋಗಿ. ಅದು ಸಿಗದಿದ್ದರೆ ಹತ್ತಿರದ ಅಳತೆಯ ಲಾಕಿಗೆ ಒಪ್ಪಿಕೊಳ್ಳುವುದಕ್ಕಿಂತ ಚೈನನ್ನೇ ಬದಲಿಸುವುದು ಮೇಲು.

ಪ್ರಶ್ನೆ: ಕ್ಲಿಪ್ ಲಾಕ್ ಓಡುವಾಗ ಹಾರಿಹೋಗುತ್ತದೆ, ರಿವೆಟ್ ಲಾಕನ್ನೇ ಹಾಕಿಸು ಎಂದು ಸ್ನೇಹಿತರು ಒತ್ತಾಯಿಸುತ್ತಿದ್ದಾರೆ. ನನ್ನದು ಸಣ್ಣ ಎಂಜಿನ್ನಿನ ಗಾಡಿ. ಕ್ಲಿಪ್ ನಿಜಕ್ಕೂ ಅಷ್ಟು ಅಪಾಯವೇ?

ಉತ್ತರ: ಅಲ್ಲ. ಸಣ್ಣ ಗಾಡಿಗಳಲ್ಲಿ ಬಹುಪಾಲು ಕಾರ್ಖಾನೆಯಿಂದಲೇ ಕ್ಲಿಪ್ ಲಾಕಿನೊಂದಿಗೆ ಬರುತ್ತವೆ ಮತ್ತು ಚೈನ್ ಸವೆದು ಮುಗಿಯುವವರೆಗೂ ತಕರಾರಿಲ್ಲದೆ ಓಡುತ್ತವೆ. ನಾನು ನೋಡಿದ ಮಟ್ಟಿಗೆ, ಕಳಚಿಬಿದ್ದ ಕ್ಲಿಪ್ಪುಗಳಲ್ಲಿ ಹೆಚ್ಚಿನವು ತಿರುಗುಮುರುಗಾಗಿ ಕೂತಿದ್ದವು, ಇಲ್ಲವೇ ಒಮ್ಮೆ ಬಿಚ್ಚಿ ಸಡಿಲವಾದದ್ದನ್ನೇ ಮತ್ತೆ ಹಾಕಿದ್ದವು.

ಆದರೂ ಎರಡಕ್ಕೂ ವ್ಯತ್ಯಾಸವಿದೆ, ಮತ್ತು ಅದು ಕ್ಲಿಪ್ಪಿಗಿಂತ ಹೆಚ್ಚಾಗಿ ಪ್ಲೇಟಿಗೆ ಸಂಬಂಧಿಸಿದ್ದು. ಬೆರಳಿನಿಂದಲೇ ಕೂರಿಸಬಹುದಾದ ಪ್ಲೇಟಿನಲ್ಲಿ ಪಿನ್ನಿಗೂ ತೂತಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಪ್ರತಿ ಎಳೆತಕ್ಕೂ ಪಿನ್ ಆ ಸಂದಿನೊಳಗೆ ಅಲುಗುತ್ತದೆ, ಮತ್ತು ಲಕ್ಷಾಂತರ ಬಾರಿ ಹಾಗೆ ಅಲುಗಿದ ಲೋಹ ತೂತಿನ ಅಂಚಿನಲ್ಲಿ ದಣಿದು ಬಿರುಕು ಬಿಡುತ್ತದೆ. ಯಂತ್ರದಿಂದ ಒತ್ತಿ ಕೂರಿಸಬೇಕಾದ ಬಿಗಿ ಪ್ಲೇಟಿನಲ್ಲಿ ಈ ಅಲುಗಾಟ ಇಲ್ಲ. ರಿವೆಟ್ ಲಾಕುಗಳ ಪ್ಲೇಟು ಬಿಗಿಯಾಗಿಯೇ ಇರುತ್ತದೆ. ಒಳ್ಳೆಯ ಕ್ಲಿಪ್ ಲಾಕುಗಳಲ್ಲೂ ಬಿಗಿ ಪ್ಲೇಟು ಬರುತ್ತದೆ. ದೊಡ್ಡ ಎಂಜಿನ್ನಿನ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡುವ ಗಾಡಿಗೆ ತಯಾರಕರು ರಿವೆಟ್ಟನ್ನೇ ಹೇಳುತ್ತಾರೆ, ನನ್ನ ಮಾತೂ ಅದೇ. ನಿಮ್ಮ ಗಾಡಿಗೆ ಬಿಗಿ ಪ್ಲೇಟಿನ ಕ್ಲಿಪ್ ಲಾಕ್ ಸಾಕು. ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವವರು ಕ್ಲಿಪ್ಪಿನ ಮೇಲೆ ಸಿಲಿಕೋನ್ ಅಂಟಿನ ಒಂದು ಬೊಟ್ಟು ಇಡುವುದುಂಟು. ಅದು ಮೂಢನಂಬಿಕೆಯಲ್ಲ, ಕೆಸರು ಮತ್ತು ಕಡ್ಡಿಗಳು ಕ್ಲಿಪ್ಪಿನ ಕಾಲಿಗೆ ಸಿಕ್ಕಿಕೊಳ್ಳುವುದನ್ನು ತಡೆಯುತ್ತದೆ.

ಪ್ರಶ್ನೆ: ಕ್ಲಿಪ್ಪಿನ ಬಾಯಿ ಯಾವ ಕಡೆಗೆ ಇರಬೇಕು ಎಂಬ ವಿಚಾರದಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ನನ್ನೆದುರೇ ವಾದ ಮಾಡಿದರು. ಅಲ್ಲದೆ ಹೊಸ ಓ-ರಿಂಗ್ ಲಾಕ್ ಹಾಕಿದ ಮೇಲೆ ಆ ಒಂದು ಕೊಂಡಿ ಮಾತ್ರ ಸೆಟೆದು ನಿಂತಿದೆ. ಎಲ್ಲಿ ತಪ್ಪಾಯಿತು?

ಉತ್ತರ: ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗೆ ಮುಖ ಮಾಡಿರಬೇಕು. ವಾದ ಹುಟ್ಟಿದ್ದು ಬಹುಶಃ ಇಬ್ಬರೂ ಚೈನಿನ ಬೇರೆ ಬೇರೆ ಪಾಲನ್ನು ನೋಡುತ್ತಿದ್ದುದರಿಂದ. ಗಾಡಿ ಮುಂದಕ್ಕೆ ಹೋಗುವಾಗ ಚೈನಿನ ಮೇಲಿನ ಪಾಲು ಹಿಂದಿನ ಸ್ಪ್ರಾಕೆಟ್ಟಿನಿಂದ ಮುಂದಿನದಕ್ಕೆ ಸಾಗುತ್ತದೆ, ಕೆಳಗಿನ ಪಾಲು ಹಿಂದಕ್ಕೆ ಬರುತ್ತದೆ. ಆದ್ದರಿಂದ ಲಾಕ್ ಮೇಲಿದ್ದಾಗ ಮುಚ್ಚಿದ ತುದಿ ಹೆಡ್‌ಲೈಟಿನ ಕಡೆಗೂ, ಅದೇ ಲಾಕ್ ಕೆಳಗೆ ಬಂದಾಗ ಹಿಂಬದಿಯ ದೀಪದ ಕಡೆಗೂ ತೋರಿಸಬೇಕು. ಕಾರಣ ಸರಳ: ಕ್ಲಿಪ್ ಕೂರುವುದು ಮುಚ್ಚಿದ ತುದಿಯಿಂದ ಬಾಯಿಯ ಕಡೆಗೆ ತಳ್ಳಿದಾಗ, ಬಿಚ್ಚುವುದು ಬಾಯಿಯ ಕಡೆಯಿಂದ ತಳ್ಳಿದಾಗ. ಸಾಗುವ ಚೈನಿಗೆ ಎದುರಾಗುವ ಕಲ್ಲೋ ಕಡ್ಡಿಯೋ ಮುಚ್ಚಿದ ತುದಿಗೆ ಬಡಿದರೆ ಕ್ಲಿಪ್ ಇನ್ನಷ್ಟು ಒಳಗೆ ಕೂರುತ್ತದೆ. ಬಾಯಿಗೆ ಬಡಿದರೆ ಹೊರಗೆ ಜಾರುತ್ತದೆ.

ಇನ್ನು ಸೆಟೆದ ಕೊಂಡಿಯ ವಿಚಾರ. ಓ-ರಿಂಗ್ ಲಾಕಿನ ಪೊಟ್ಟಣದಲ್ಲಿ ನಾಲ್ಕು ಉಂಗುರಗಳು ಮತ್ತು ಒಂದಿಷ್ಟು ಗ್ರೀಸ್ ಇರುತ್ತವೆ. ಆ ಗ್ರೀಸ್ ಅಲಂಕಾರಕ್ಕಲ್ಲ. ಪಿನ್ನಿಗೂ ಬುಷ್ಷಿಗೂ ನಡುವೆ ಅದೊಂದೇ ಗ್ರೀಸ್, ಉಂಗುರಗಳು ಮುಚ್ಚಿದ ಮೇಲೆ ಹೊರಗಿನಿಂದ ಹಾಕುವ ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ಪಿನ್ನುಗಳಿಗೆ ಅದನ್ನು ಧಾರಾಳವಾಗಿ ಬಳಿದು, ಎರಡು ಉಂಗುರಗಳನ್ನು ಪಿನ್ನಿನ ಬುಡದವರೆಗೆ ಏರಿಸಿ, ಹಿಂದಿನ ಸ್ಪ್ರಾಕೆಟ್ಟಿನ ಮೇಲೆ ಚೈನಿನ ಎರಡೂ ತುದಿಗಳನ್ನು ಅಕ್ಕಪಕ್ಕದ ಹಲ್ಲುಗಳಿಗೆ ಕೂರಿಸಿ, ಚಕ್ರದ ಕಡೆಯಿಂದ ಹೊರಕ್ಕೆ ಲಾಕನ್ನು ತೂರಿಸಬೇಕು. ಆಗ ಕ್ಲಿಪ್ ಹೊರಮೈಯಲ್ಲಿ, ಕಣ್ಣಿಗೆ ಕಾಣುವಂತೆ ಇರುತ್ತದೆ. ಉಳಿದೆರಡು ಉಂಗುರಗಳನ್ನು ಹೊರಬಂದ ಪಿನ್ನುಗಳಿಗೆ ಹಾಕಿ, ಅವು ಮಡಚಿಕೊಂಡಿಲ್ಲವೆಂದು ನೋಡಿ, ಆಮೇಲೆ ಪ್ಲೇಟನ್ನು ಒತ್ತುವ ಸಾಧನದಿಂದ ಸಮನಾಗಿ ಒತ್ತಬೇಕು. ನಿಮ್ಮ ತಪ್ಪು ಆಗಿರುವುದು ಹೆಚ್ಚಾಗಿ ಇಲ್ಲಿಯೇ. ಪ್ಲೇಟನ್ನು ಅತಿಯಾಗಿ ಒತ್ತಿದರೆ ಉಂಗುರಗಳು ಚಪ್ಪಟೆಯಾಗಿ ಕೊಂಡಿ ಸೆಟೆಯುತ್ತದೆ. ಒಂದು ಉಂಗುರ ಬಿಟ್ಟುಹೋಗಿದ್ದರೂ ಮಡಚಿದ್ದರೂ ಪ್ಲೇಟು ಓರೆಯಾಗಿ ಕೂತು ಹೀಗೇ ಆಗುತ್ತದೆ. ಪಕ್ಕದ ಕೊಂಡಿಯ ಹೊರಪ್ಲೇಟಿನಿಂದ ಹೊರಪ್ಲೇಟಿಗೆ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ಲಾಕಿನ ಅಗಲ ಅಷ್ಟೇ ಬಂದಾಗ ಒತ್ತುವುದನ್ನು ನಿಲ್ಲಿಸಬೇಕು. ಆ ಅಳತೆಯಲ್ಲಿ ಕ್ಲಿಪ್ಪಿನ ಕಚ್ಚು ಪೂರ್ತಿ ಹೊರಗೆ ಕಾಣಬೇಕು, ಕೊಂಡಿ ಪಕ್ಕದವುಗಳಂತೆಯೇ ಮಡಚಬೇಕು.

ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸುವ ಅಭ್ಯಾಸ ನನಗೆ ಹಿಡಿಸದು, ಏಕೆಂದರೆ ಒಮ್ಮೆ ಮೇಲಕ್ಕೆ ಬಾಗಿದ ಕ್ಲಿಪ್ ತನ್ನ ಸ್ಪ್ರಿಂಗ್ ಗುಣವನ್ನು ಕಳೆದುಕೊಳ್ಳುತ್ತದೆ. ನೋಸ್ ಪ್ಲೈಯರಿನ ಒಂದು ದವಡೆಯನ್ನು ಮುಚ್ಚಿದ ತುದಿಗೂ ಇನ್ನೊಂದನ್ನು ಬಾಯಿಯ ಕಡೆಯ ಪಿನ್ನಿಗೂ ಕೊಟ್ಟು ಅಮುಕಿದರೆ ಅದು ಚಟ್ಟನೆ ಕೂರುತ್ತದೆ. ಆ ಸದ್ದು ಕೇಳದಿದ್ದರೆ ಮತ್ತೆ ನೋಡಿ.

ಪ್ರಶ್ನೆ: ವರ್ಷದೊಳಗೆ ಎರಡು ಬಾರಿ ಲಾಕ್ ತುಂಡಾಯಿತು. ಎರಡು ಸಲವೂ ಹೊಸದನ್ನೇ, ಸರಿಯಾದ ಸಂಕೇತದ್ದನ್ನೇ ಹಾಕಿಸಿದ್ದೆ. ಲಾಕ್ ಕಳಪೆಯೇ?

ಉತ್ತರ: ಇರಬಹುದು, ಆದರೆ ನಾನು ಮೊದಲು ಅನುಮಾನಿಸುವುದು ಚೈನನ್ನು. ಪಿನ್ನು ಬುಷ್ಷುಗಳು ಸವೆದಂತೆ ಚೈನು ಉದ್ದವಾಗುತ್ತದೆ. 520, 525, 530 ಚೈನುಗಳಲ್ಲಿ ಹೊಸದಾಗಿದ್ದಾಗ 20 ಕೊಂಡಿಗಳ ಉದ್ದ 317.5 ಮಿ.ಮೀ.; ಬಿಗಿಯಾಗಿ ಎಳೆದು ಅಳೆದಾಗ ಅದು 323 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಆ ಚೈನಿನ ಆಯುಷ್ಯ ಮುಗಿದಿದೆ ಎಂದೇ ಹಲವು ಗಾಡಿಗಳ ಕೈಪಿಡಿಗಳು ಹೇಳುತ್ತವೆ. ಅಂಥ ಚೈನಿನಲ್ಲಿ ಹೊಸ ಲಾಕ್ ಒಂದೇ ಸರಿಯಾದ ಅಳತೆಯ ಕೊಂಡಿಯಾಗಿ ಉಳಿದು, ಸವೆದ ಸ್ಪ್ರಾಕೆಟ್ಟಿನ ಹಲ್ಲು ಏರುವಾಗಲೆಲ್ಲ ಬೇರೆ ಕೊಂಡಿಗಳಿಗೆ ಬೀಳದ ಪೆಟ್ಟನ್ನು ತಿನ್ನುತ್ತದೆ.

ಎರಡನೆಯದಾಗಿ ಚೈನಿನ ಸಡಿಲಿಕೆಯನ್ನು ನೋಡಿ. ಹಿಂದಿನ ಸಸ್ಪೆನ್ಷನ್ ಒತ್ತಿಕೊಂಡು ಮುಂದಿನ ಸ್ಪ್ರಾಕೆಟ್, ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮಿನ ಕೀಲು ಮತ್ತು ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ಚೈನು ಅತ್ಯಂತ ಬಿಗಿಯಾಗುತ್ತದೆ. ನಿಲ್ಲಿಸಿದ ಗಾಡಿಯಲ್ಲೇ ತಂತಿಯಂತೆ ಬಿಗಿ ಮಾಡಿಸಿಕೊಂಡಿದ್ದರೆ, ಪ್ರತಿ ಹಳ್ಳಕ್ಕೂ ಚೈನಿನಲ್ಲೇ ದುರ್ಬಲವಾದ ಕೊಂಡಿಯನ್ನು, ಅಂದರೆ ಲಾಕನ್ನು, ಜಗ್ಗಿದಂತೆಯೇ. ತುಂಡಾದ ಚೈನು ಮುಂದಿನ ಸ್ಪ್ರಾಕೆಟ್ಟಿನ ಬಳಿ ಉಂಡೆಯಾಗಿ ಎಂಜಿನ್ ಕವಚವನ್ನೇ ಒಡೆಯಬಹುದು, ಹಿಂದಿನ ಚಕ್ರವನ್ನು ಕಚ್ಚಿ ನಿಲ್ಲಿಸಿಬಿಡಬಹುದು. ಮೂರನೆಯ ಲಾಕ್ ಹಾಕಿ ನೋಡೋಣ ಎಂಬ ಪ್ರಯೋಗ ಬೇಡ. ಚೈನ್ ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಿಸಿ.

ಪ್ರಶ್ನೆ: ಸಾಧನ ಕೊಂಡು ರಿವೆಟ್ ಲಾಕನ್ನು ಮನೆಯಲ್ಲೇ ಹಾಕಬೇಕೆಂದಿದ್ದೇನೆ. ಸುತ್ತಿಗೆಯಿಂದ ಹೊಡೆದರೆ ಸಾಕು ಎನ್ನುವವರೂ ಇದ್ದಾರೆ. ನಿಮ್ಮ ಸಲಹೆ ಏನು?

ಉತ್ತರ: ಸುತ್ತಿಗೆ ಬೇಡ. ಪಿನ್ನಿನ ತುದಿ ಸುತ್ತಲೂ ಸಮನಾಗಿ ಅರಳಬೇಕು, ಸುತ್ತಿಗೆಯ ಪೆಟ್ಟಿಗೆ ಅದು ಒಂದು ಪಕ್ಕಕ್ಕೆ ಮಡಚುತ್ತದೆ. ಹಳೆಯ ಚೈನನ್ನು ಬಿಚ್ಚುವ ಮುನ್ನವೇ ಮುಂದಿನ ಸ್ಪ್ರಾಕೆಟ್ಟಿನ ನಟ್ಟನ್ನು ಸಡಿಲಿಸಿಕೊಳ್ಳಿ, ಏಕೆಂದರೆ ಹಿಂದಿನ ಬ್ರೇಕ್ ಒತ್ತಿ ಸ್ಪ್ರಾಕೆಟ್ಟನ್ನು ತಡೆದು ಹಿಡಿಯಲು ಆ ಚೈನೇ ಬೇಕು. ಅನಂತರ ಹಳೆಯ ಪಿನ್ನಿನ ಅರಳಿದ ತಲೆಯನ್ನು ಗ್ರೈಂಡರಿನಲ್ಲಿ ಪ್ಲೇಟಿನ ಮಟ್ಟಕ್ಕೆ ಉಜ್ಜಿ ತೆಗೆದೇ ಪಿನ್ನನ್ನು ಹೊರತಳ್ಳಿ. ಉಜ್ಜದೆ ತಳ್ಳಲು ಹೋಗಿ ಸಾಧನದ ಮೊನೆ ಮುರಿದುಕೊಂಡವರಲ್ಲಿ ನಾನೂ ಒಬ್ಬ. ಹೊಸ ಚೈನಿನ ತುದಿಯನ್ನು ಹಳೆಯದರ ತುದಿಗೆ ತಾತ್ಕಾಲಿಕವಾಗಿ ಸಿಕ್ಕಿಸಿ ಎಳೆದರೆ ಅದು ತಾನಾಗಿ ಮುಂದಿನ ಸ್ಪ್ರಾಕೆಟ್ಟನ್ನು ಸುತ್ತಿಕೊಂಡು ಬರುತ್ತದೆ.

ಉಂಗುರ, ಗ್ರೀಸ್, ಪ್ಲೇಟಿನ ಅಗಲ ಎಲ್ಲವೂ ಹಿಂದೆ ಹೇಳಿದಂತೆಯೇ. ಪ್ಲೇಟು ಕೂತ ಮೇಲೆ ಸಾಧನಕ್ಕೆ ರಿವೆಟ್ ಮೊನೆಯನ್ನು ಹಾಕಿ, ಒಂದೇ ಉಸಿರಿಗೆ ತಿರುಗಿಸದೆ, ಸ್ವಲ್ಪ ಒತ್ತಿ, ಬಿಚ್ಚಿ, ಅಳೆದು, ಮತ್ತೆ ಒತ್ತಿ. ಹಲವು 520 ಮತ್ತು 525 ಚೈನುಗಳಿಗೆ ಅರಳಿದ ತುದಿಯ ಅಗಲ 5.5ರಿಂದ 5.8 ಮಿ.ಮೀ. ನಡುವೆ ಇರಬೇಕೆಂದು ನಿಗದಿಯಾಗಿದೆ, ಆದರೆ ನಿಮ್ಮ ಲಾಕಿನ ಜೊತೆಗೆ ಬಂದ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಎರಡು ದಿಕ್ಕಿನಲ್ಲಿ ಅಳೆಯಿರಿ. ಕಡಿಮೆ ಅರಳಿದರೆ ಪ್ಲೇಟು ಹೊರಗೆ ಜಾರಬಹುದು, ಹೆಚ್ಚಾದರೆ ಅಂಚು ಬಿರಿಯುತ್ತದೆ. ಬಿರುಕು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಬಿರುಕು ಕಂಡ ಲಾಕನ್ನು ಕತ್ತರಿಸಿ ಎಸೆದು ಇನ್ನೊಂದನ್ನು ಹಾಕಬೇಕಾಗುವುದರಿಂದ, ಮೊದಲ ಬಾರಿ ಮಾಡುವವರು ಎರಡು ಲಾಕುಗಳನ್ನು ತಂದಿಟ್ಟುಕೊಂಡೇ ಕೆಲಸಕ್ಕೆ ಕೂರುವುದು ಒಳ್ಳೆಯದು.