ಕಾಣದ ನಕ್ಷತ್ರದ ಬೆಳಕು ಅಳೆದದ್ದು ಹೇಗೆ? ಸೇಡಂ ಟೀಚರ್‌ಗೆ ಸಂಪಾದಕರ ಉತ್ತರ

ನಮಸ್ಕಾರ ಟೀಚರ್,

ಸೇಡಂ ತಾಲ್ಲೂಕಿನಿಂದ ನೀವು ಕಳಿಸಿದ ‘ನಕ್ಷತ್ರಗಳ ತೊಟ್ಟಿಲು’ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಆರನೇ ಪುಟ ನನಗೆ ತುಂಬಾ ಹಿಡಿಸಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಮಹಾಸ್ಫೋಟ, ವಿಶ್ವದ ವಯಸ್ಸು, ಗೆಲಿಲಿಯೋನ ದೂರದರ್ಶಕ, ಇವು ಎಲ್ಲ ಲೇಖನಗಳಲ್ಲೂ ಬರುತ್ತವೆ. ‘ಅನಂತ ವಿಶ್ವದ ಅಗಾಧ ಒಡಲಿನಲ್ಲಿ’ ಎಂದು ಶುರು ಮಾಡಿದ್ದೀರಿ. ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದೆ ನೀವು ಹೀಗೆ ಮಾತಾಡುವುದಿಲ್ಲ, ಅಲ್ವಾ? ಕಲಬುರಗಿ, ಯಾದಗಿರಿ ಕಡೆಯ ನಮ್ಮ ಓದುಗರಲ್ಲಿ ಜಾಸ್ತಿ ಜನ ಆ ಮಕ್ಕಳೇ, ಇಲ್ಲವೇ ಅವರ ಅಣ್ಣ ಅಕ್ಕಂದಿರು.

ಲೇಖನ ಶುರುವಾಗಬೇಕಾದದ್ದು ಆರನೇ ಪುಟದಿಂದ. ಶಾಲೆಯ ಮಾಳಿಗೆಯ ಮೇಲೆ ಮಕ್ಕಳಿಗೆ ಕೃತ್ತಿಕೆ, ರೋಹಿಣಿ ತೋರಿಸುತ್ತಿದ್ದಿರಿ. ಆ ಕಡೆ, ವೃಷಭ ರಾಶಿಯಲ್ಲಿ, ಅನಿಲ ಮತ್ತು ಧೂಳಿನ ಒಂದು ದೊಡ್ಡ ಮೋಡ ಇದೆ, ಅದರೊಳಗೆ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ, ಅವು ಕಣ್ಣಿಗೆ ಕಾಣುವುದಿಲ್ಲ ಎಂದಿರಿ. ಆಗ ಒಬ್ಬಳು ಹುಡುಗಿ, ‘ಕಾಣದೇ ಇದ್ದರೆ ಅವುಗಳ ಬೆಳಕು ಎಷ್ಟು ಅಂತ ಹೇಗೆ ಅಳೆದರು ಟೀಚರ್?’ ಎಂದು ಕೇಳಿದಳು. ಎಂಥ ಪ್ರಶ್ನೆ! ಅದಕ್ಕೆ ನೀವು ಬರೆದ ಉತ್ತರ ಮಾತ್ರ ಅರ್ಧ ವಾಕ್ಯ: ‘ಅವಕೆಂಪು ದೂರದರ್ಶಕಗಳಿಂದ.’ ಅವಕೆಂಪು (ಇನ್‌ಫ್ರಾರೆಡ್) ಅಂದರೆ ಕಣ್ಣಿಗೆ ಕಾಣದ, ಕೆಂಪಿಗಿಂತ ಉದ್ದ ಅಲೆಯ ಕಿರಣ ಎಂದೂ ಹೇಳಿಲ್ಲ. ಅವಳ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದೇ ನಿಮ್ಮ ಲೇಖನ ಆಗಬೇಕು.

ಮೊದಲು ಧೂಳಿನ ವಿಷಯ. ‘ಧೂಳು ಬೆಳಕನ್ನು ನುಂಗುತ್ತದೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ಸೇಡಂ ಕಡೆಯವರು ಧೂಳು ಅಂದರೆ ಸಿಮೆಂಟ್ ಕಾರ್ಖಾನೆಯ ಧೂಳನ್ನೇ ನೆನೆಯುತ್ತಾರೆ. ಮೋಡದ ಕಣಗಳು ಅದಕ್ಕಿಂತ ಬಹಳ ಸಣ್ಣವು. ಬಹುಪಾಲು ಕಣಗಳು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕವು ಎಂದು ಹೇಳಿ. ಆಮೇಲೆ, ನುಂಗಿದ ಬೆಳಕು ಎಲ್ಲಿಗೆ ಹೋಯಿತು ಅಂತಲೂ ಹೇಳಲೇಬೇಕು. ಉರಿಯುವ ಬಲ್ಬಿನ ಮೇಲೆ ಕಂಬಳಿ ಹೊದಿಸಿದರೆ ಬೆಳಕು ಕಾಣುವುದಿಲ್ಲ, ಆದರೆ ಕಂಬಳಿ ಮುಟ್ಟಿದರೆ ಬೆಚ್ಚಗಿರುತ್ತದೆ. ಧೂಳೂ ಹಾಗೇ. ಬೆಳಕನ್ನು ಹೀರಿ ಸ್ವಲ್ಪ ಬಿಸಿಯಾಗುತ್ತದೆ, ಆ ಬಿಸಿಯನ್ನು ಅವಕೆಂಪು ಕಿರಣವಾಗಿ ಹೊರಗೆ ಬಿಡುತ್ತದೆ. ಶಕ್ತಿ ಕಳೆದುಹೋಗುವುದಿಲ್ಲ, ರೂಪ ಬದಲಾಗುತ್ತದೆ ಅಷ್ಟೇ. ಹೀಗಾಗಿ ಧೂಳಿನ ಶಾಖ ಅಳೆದರೆ ಒಳಗಿನ ನಕ್ಷತ್ರದ ಬೆಳಕು ಅಳೆದ ಹಾಗೆ.

ಇಲ್ಲಿ ಅಂಕಿ ಕೊಡಲು ಹಿಂಜರಿಯಬೇಡಿ. ನಮ್ಮ ಕಣ್ಣು ನೋಡುವ ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಎಳೆ ನಕ್ಷತ್ರವನ್ನು ಸುತ್ತಿದ ಹೊರಗಿನ ಧೂಳು ಸುಮಾರು ಮೈನಸ್ 250 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಅಷ್ಟು ತಣ್ಣಗಿನ ಧೂಳು ಬಿಡುವ ಕಿರಣ 100 ಮೈಕ್ರಾನಿನ ಆಸುಪಾಸಿನಲ್ಲಿ, ಅದಕ್ಕಿಂತ ತುಸು ಆಚೆ, ಹೆಚ್ಚು ಬಲವಾಗಿರುತ್ತದೆ. ನಮ್ಮ ಗಾಳಿಯ ನೀರಾವಿ ಆ ಕಿರಣವನ್ನು ತಡೆಯುತ್ತದೆ. ಅದಕ್ಕೇ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳಿಸಿದ್ದು: 1983ರಲ್ಲಿ ಐರಾಸ್, 2003ರಲ್ಲಿ ಸ್ಪಿಟ್ಜರ್, 2009ರಲ್ಲಿ ಹರ್ಷಲ್. ಸ್ಪಿಟ್ಜರ್‌ನ ಕನ್ನಡಿ ಬರೀ 85 ಸೆಂಟಿಮೀಟರ್. ದೂರದರ್ಶಕವೇ ಬೆಚ್ಚಗಿದ್ದರೆ ಅದರ ಶಾಖವೇ ಎಲ್ಲ ಕಡೆ ಕಾಣುತ್ತಿತ್ತು. ಅದಕ್ಕೆ ದ್ರವ ಹೀಲಿಯಂನಿಂದ ತಂಪಾಗಿ ಇಟ್ಟಿದ್ದರು. 2009ರ ಮೇ ತಿಂಗಳಲ್ಲಿ ಹೀಲಿಯಂ ಮುಗಿಯಿತು. ಅಲ್ಲಿಂದ ಉದ್ದ ಅಲೆಗಳನ್ನು ನೋಡುವ ಕೆಲಸ ನಿಂತಿತು. ಇದನ್ನೆಲ್ಲ ನೀವು ಕೋಷ್ಟಕ ಮಾಡಿ ಒಂದು ಮೂಲೆಗೆ ಹಾಕಿದ್ದೀರಿ. ಕೋಷ್ಟಕ ಬೇಡ. ಹುಡುಗಿಗೆ ಹೇಳುವ ಹಾಗೆ ಹೇಳಿ. ಒಂದೊಂದು ಅಲೆಯುದ್ದದಲ್ಲಿ ಎಷ್ಟು ಶಕ್ತಿ ಬಂತು ಅಂತ ಅಳೆದು ಎಲ್ಲ ಕೂಡಿಸಿದರೆ ಒಟ್ಟು ಬೆಳಕು ಸಿಗುತ್ತದೆ. 100 ಮೈಕ್ರಾನಿನ ಆಸುಪಾಸಿನ ಅಳತೆ ಇಲ್ಲದಿದ್ದರೆ ಲೆಕ್ಕದ ದೊಡ್ಡ ಪಾಲೇ ಬಿಟ್ಟುಹೋಗುತ್ತದೆ.

ಈಗ ಎರಡು ತಪ್ಪು ಹೇಳಬೇಕು.

ಮಹಾವ್ಯಾಧ (ಓರಿಯಾನ್) ನಕ್ಷತ್ರಪುಂಜದ ಮೋಡದ ದೂರವನ್ನು ಒಂದು ಕಡೆ 1,500 ಜ್ಯೋತಿರ್ವರ್ಷ, ಇನ್ನೊಂದು ಕಡೆ 1,300 ಎಂದು ಬರೆದಿದ್ದೀರಿ. ಮೊದಲನೆಯದು ಹಳೆಯ ಪುಸ್ತಕಗಳ ಅಂಕಿ, ಎರಡನೆಯದು ಹೊಸ ಅಳತೆ. ಇದು ಬರೀ ಕೈತಪ್ಪು ಅಂದುಕೊಂಡು ಬಿಡುವಂಥದ್ದಲ್ಲ. ದೂರ ಎರಡು ಪಟ್ಟಾದರೆ ನಮಗೆ ಕಾಣುವ ಹೊಳಪು ನಾಲ್ಕನೇ ಒಂದು ಪಾಲಾಗುತ್ತದೆ. ನಿಜವಾದ ಬೆಳಕು ಲೆಕ್ಕ ಹಾಕುವಾಗ ದೂರದ ವರ್ಗದಿಂದ ಗುಣಿಸಬೇಕು. 1,300ರ ಬದಲು 1,500 ಹಿಡಿದರೆ ಆ ಮೋಡದ ಪ್ರತಿಯೊಂದು ನಕ್ಷತ್ರಕ್ಕೂ ಮೂರನೇ ಒಂದು ಪಾಲು ಬೆಳಕು ಸುಮ್ಮನೆ ಜಾಸ್ತಿ ಸೇರುತ್ತದೆ. ಗಣಿತ ಕಲಿಸುವ ನಿಮಗೆ ಇದು ಚಿನ್ನದಂಥ ವಿಷಯ, ಬಿಡಬೇಡಿ. ಮಾಳಿಗೆಯ ಮೇಲೆ ನಿಂತೇ ಇದನ್ನು ಹೇಳಬಹುದು: ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ, ವೃಷಭ ರಾಶಿಯ ಮೋಡ ಅದರ ಹಿಂದೆ, ನಮ್ಮಿಂದ ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಎಳೆ ನಕ್ಷತ್ರಗಳು ಹೈಡ್ರೋಜನ್ ಹೀಲಿಯಂ ಆಗುವುದರಿಂದ ಬೆಳಗುತ್ತವೆ ಎಂದಿದ್ದೀರಿ. ಸೂರ್ಯನ ಮಟ್ಟಿಗೆ ಅದು ಸರಿ. ಈ ಕೂಸುಗಳ ಒಡಲು ಇನ್ನೂ ಅಷ್ಟು ಬಿಸಿಯಾಗಿಲ್ಲ. ಅವುಗಳ ಬೆಳಕಿನ ಬಹುಪಾಲು ಬರುವುದು ಸುತ್ತಲಿನ ಅನಿಲ ಮೇಲೆ ಬಂದು ಬೀಳುವುದರಿಂದ. ಬೀಳುವ ವೇಗ ಶಾಖವಾಗುತ್ತದೆ, ಶಾಖ ಬೆಳಕಾಗುತ್ತದೆ. ಹಾಗಾಗಿ ಬೆಳಕು ಅಳೆದರೆ ನಕ್ಷತ್ರ ಎಷ್ಟು ಬೇಗ ಬೆಳೆಯುತ್ತಿದೆ ಎಂದೂ ಗೊತ್ತಾಗುತ್ತದೆ. ಜನ ಇಷ್ಟು ಕಷ್ಟಪಟ್ಟು ಅಳೆಯುವುದು ಇದಕ್ಕೇ. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಇದು ಬಂದರೆ ಏಳನೇ ಪುಟದಲ್ಲಿ ನೀವು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ‘ಬೆಳಕಿನ ಸಮಸ್ಯೆ’ಗೂ ಜೀವ ಬರುತ್ತದೆ. ಸೂರ್ಯನಂಥ ನಕ್ಷತ್ರ ಕೆಲವು ಲಕ್ಷ ವರ್ಷಗಳಲ್ಲಿ ಒಂದೇ ಸಮನೆ ಬೆಳೆದರೆ ಅದು ಸೂರ್ಯನ ಹತ್ತು ಪಟ್ಟಿನಷ್ಟು ಬೆಳಗಬೇಕು. ವೃಷಭದ ಮೋಡದಲ್ಲಿ ಐರಾಸ್ ಅಳತೆಗಳನ್ನು ಹಿಡಿದು ಲೆಕ್ಕ ಹಾಕಿದವರು 1990ರಲ್ಲಿ ಹೇಳಿದ್ದು ಬೇರೆ: ಬಹುಪಾಲು ಎಳೆ ನಕ್ಷತ್ರಗಳು ಅದರ ಹತ್ತನೇ ಒಂದು ಪಾಲಿನಷ್ಟೇ ಬೆಳಗುತ್ತಿವೆ. ಸ್ಪಿಟ್ಜರ್ ಬಂದ ಮೇಲೆ ಸಮಸ್ಯೆ ಇನ್ನೂ ಹೆಚ್ಚಿತು. ಎಲ್1014 ಎಂಬ ಕಪ್ಪು ಮೋಡದಲ್ಲಿ ನಕ್ಷತ್ರವೇ ಇಲ್ಲ ಎಂದುಕೊಂಡಿದ್ದರು. 2004ರಲ್ಲಿ ಅದರೊಳಗೆ ಸೂರ್ಯನ ಹತ್ತನೇ ಒಂದು ಪಾಲಿಗಿಂತಲೂ ಮಂಕಾದದ್ದೊಂದು ಸಿಕ್ಕಿತು.

ಹಾಗಾದರೆ ಇವು ಬೆಳೆಯುವುದು ಯಾವಾಗ? ಒಂದು ಉತ್ತರ ಆಗಲೇ ಆಕಾಶದಲ್ಲಿ ಕಂಡಿತ್ತು. ಮಹಾವ್ಯಾಧದ ಎಫ್‌ಯು ಓರಿಯಾನಿಸ್ ಎಂಬ ನಕ್ಷತ್ರ 1936ರಲ್ಲಿ ಆರು ಮ್ಯಾಗ್ನಿಟ್ಯೂಡ್‌ನಷ್ಟು (ಮ್ಯಾಗ್ನಿಟ್ಯೂಡ್ ಅಂದರೆ ನಕ್ಷತ್ರದ ಹೊಳಪಿನ ಅಳತೆ), ಅಂದರೆ ಸುಮಾರು 250 ಪಟ್ಟು, ಹೊಳಪಾಯಿತು. ಇವತ್ತಿಗೂ ಪೂರ್ತಿ ಇಳಿದಿಲ್ಲ. ನಕ್ಷತ್ರ ಬಹಳ ಕಾಲ ಅರೆಹೊಟ್ಟೆಯಲ್ಲಿದ್ದು, ಆಗಾಗ ಒಮ್ಮೆಲೇ ರಾಶಿ ಅನಿಲ ಎಳೆದುಕೊಳ್ಳುತ್ತದೆ ಎಂಬುದು ಒಂದು ವಿವರಣೆ. ಬೆಳೆಯುವ ಕಾಲ ಅಂದುಕೊಂಡಿದ್ದಕ್ಕಿಂತ ಉದ್ದ ಇರಬಹುದು ಎಂಬುದು ಇನ್ನೊಂದು. ಎರಡನ್ನೂ ಬರೆಯಿರಿ. ‘ವಿಜ್ಞಾನಿಗಳು ರಹಸ್ಯ ಭೇದಿಸಿದ್ದಾರೆ’ ಎಂಬ ನಿಮ್ಮ ಸಾಲು ತೆಗೆಯಿರಿ. ಅವರು ಇನ್ನೂ ಅಳೆಯುತ್ತಿದ್ದಾರೆ.

ನಮ್ಮ ಕಡೆಯ ಕೊಂಡಿಗಾಗಿ ಬಹಮನಿ ಸುಲ್ತಾನರ ಕೋಟೆಯನ್ನು ಎಳೆದು ತಂದಿದ್ದೀರಿ. ಅದು ಇಲ್ಲಿ ಕೂರುವುದಿಲ್ಲ. ನಿಜವಾದ ಕೊಂಡಿ ಬೇರೆ ಇದೆ. ಐದು ಮ್ಯಾಗ್ನಿಟ್ಯೂಡ್ ಅಂದರೆ ಸರಿಯಾಗಿ ನೂರು ಪಟ್ಟು ಎಂಬ ಅಳತೆಯನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪೋಗ್ಸನ್ 1861ರಿಂದ ಸಾಯುವತನಕ ಮದ್ರಾಸ್ ವೀಕ್ಷಣಾಲಯದಲ್ಲಿದ್ದರು. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು. ಇದು ತಿಳಿದರೆ ಆ ಹುಡುಗಿಗೆ ಖುಷಿಯಾಗುತ್ತದೆ.

ನಾಲ್ಕನೇ ಪುಟದ ಭಾಷೆ ನಿಮ್ಮದಲ್ಲ, ಎಲ್ಲಿಂದಲೋ ಅನುವಾದಿಸಿದ್ದು ಎಂದು ಓದುತ್ತಲೇ ಗೊತ್ತಾಗುತ್ತದೆ. ಅದನ್ನು ಮುಚ್ಚಿಟ್ಟು, ನೆನಪಿನಿಂದ ನಿಮ್ಮ ಮಾತಿನಲ್ಲಿ ಬರೆಯಿರಿ. ಬರೆದದ್ದನ್ನು ಕ್ಲಾಸಿನಲ್ಲಿ ಜೋರಾಗಿ ಓದಿ. ಮಕ್ಕಳು ಎಲ್ಲಿ ಕೈ ಎತ್ತುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ.

ಸಾವಿರ ಪದ ಸಾಕು. ನೀವು ಕಳಿಸಿದ ಚಿತ್ರ ಮಹಾವ್ಯಾಧದ್ದು, ಕತೆ ನಡೆಯುವುದು ವೃಷಭದಲ್ಲಿ. ಅದರ ಬದಲು ಮಕ್ಕಳಿಂದ ಒಂದು ಗ್ರಾಫ್ ಬರೆಸಿ: ಅಡ್ಡಗೆರೆಯಲ್ಲಿ ಅಲೆಯುದ್ದ, ಉದ್ದಗೆರೆಯಲ್ಲಿ ಶಕ್ತಿ. ನವೆಂಬರ್‌ನಲ್ಲಿ ಕೃತ್ತಿಕೆ ಸಂಜೆಗೇ ಪೂರ್ವದಲ್ಲಿ ಕಾಣುತ್ತದೆ. ಆ ಸಂಚಿಕೆಗೆ ಹಾಕೋಣ. ಅಕ್ಟೋಬರ್ ಮೊದಲ ವಾರದೊಳಗೆ ಲೇಖನ ಕಲಬುರಗಿಯ ನಮ್ಮ ಕಚೇರಿಗೆ ಬರಲಿ. ಪ್ರಶ್ನೆ ಕೇಳಿದ ಹುಡುಗಿಯ ಹೆಸರು ಹಾಕುವುದಾದರೆ ಅವಳ ಮನೆಯವರನ್ನು ಮೊದಲು ಕೇಳಿ.