‘ವಿಚ್’ ಇಲ್ಲವೆಂದರೂ ಕ್ಯೂಎಮು ಇರುತ್ತದೆ

ಸೆಂಟ್‌ಓಎಸ್ ಎಂಬ ಲಿನಕ್ಸ್ ಇರುವ ಸರ್ವರಿನಲ್ಲಿ ವರ್ಚುವಲ್ ಯಂತ್ರಗಳು (ಕಂಪ್ಯೂಟರಿನೊಳಗಿನ ಕಂಪ್ಯೂಟರುಗಳು) ಓಡುತ್ತಿವೆ, ಆದರೂ ಪ್ರೋಗ್ರಾಂ ಎಲ್ಲಿದೆಯೆಂದು ಹೇಳುವ ‘ವಿಚ್’ ಆಜ್ಞೆ ಕೊಟ್ಟರೆ, ಅವನ್ನು ಓಡಿಸುವ ಕ್ಯೂಎಮು ಸಿಗುವುದಿಲ್ಲ. ಅದು ಎಲ್ಲಿದೆ, ಯಾವ ಆವೃತ್ತಿ ಎಂದು ತಿಳಿಯುವುದು ಹೇಗೆಂದು ಕೇಳಿದ್ದೀರಿ. ಶಿವಮೊಗ್ಗದ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುವ ನಾನೂ ಇದರಲ್ಲಿ ಅರ್ಧ ದಿನ ಕಳೆದಿದ್ದೇನೆ. ಇಲ್ಲವೆಂದೇ ನಂಬಿ ಇನ್‌ಸ್ಟಾಲ್ ಮಾಡಲು ಹೋಗಿ, ‘ಆಗಲೇ ಇದೆ’ ಎಂದು ಯಂತ್ರದಿಂದ ಹೇಳಿಸಿಕೊಂಡೆ.

‘ವಿಚ್’ ಹುಡುಕುವುದು ಆಜ್ಞೆಗಳಿಗೆಂದು ಗೊತ್ತುಮಾಡಿದ ‘ಪಾತ್’ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಮಾತ್ರ. ಜಗುಲಿಯಲ್ಲಿ ಇಣುಕಿ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಹಿಂದಿರುಗುವ ನೆಂಟರ ಹಾಗೆ. ಯಜಮಾನರು ಅಟ್ಟದ ಮೇಲೆ ಅಡಿಕೆ ಮೂಟೆಗಳ ನಡುವೆ ಇರುತ್ತಾರೆ. ಸೆಂಟ್‌ಓಎಸ್ ಸೇರಿದ ರೆಡ್‌ಹ್ಯಾಟ್ ಬಳಗದಲ್ಲಿ ಆ ಅಟ್ಟವೆಂದರೆ ‘/ಯುಎಸ್‌ಆರ್/ಲಿಬ್‌ಎಕ್ಸೆಕ್’. ನಾವು ನೇರವಾಗಿ ಕರೆಯದೆ, ಬೇರೆ ಪ್ರೋಗ್ರಾಂಗಳು ಕರೆಯುವಂಥವು ಅಲ್ಲಿರುತ್ತವೆ. ಕಡತದ ಹೆಸರು ‘ಕ್ಯೂಎಮು-ಕೆವಿಎಂ’.

ಹೀಗೆ ಊಹಿಸುವ ಬದಲು, ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಅನ್ನೇ ಅದರ ‘ವಿರ್ಶ್’ ಆಜ್ಞೆಯಿಂದ ಕೇಳುವುದು ಮೇಲು. ‘ಸುಡೊ ವಿರ್ಶ್ ಡಂಪ್‌ಎಕ್ಸ್‌ಎಂಎಲ್’ ಎಂದು ಬರೆದು ಮುಂದೆ ವರ್ಚುವಲ್ ಯಂತ್ರದ ಹೆಸರು ಕೊಡಿ. ‘ಎಮ್ಯುಲೇಟರ್’ ಎಂಬ ಸಾಲಿನಲ್ಲಿ ಪೂರ್ತಿ ವಿಳಾಸ ಸಿಗುತ್ತದೆ. ಅದನ್ನೇ ಬರೆದು ‘--ವರ್ಷನ್’ ಸೇರಿಸಿದರೆ ಆವೃತ್ತಿ ಬರುತ್ತದೆ. ನಿರ್ವಾಹಕರ ಅಧಿಕಾರ ಕೊಡುವ ಸುಡೊ ಮರೆತರೆ ವಿರ್ಶ್ ನಿಮ್ಮ ಖಾಸಗಿ ಸೆಷನ್ನಿಗೆ ಹೋಗಿ, ಅಂಥ ಯಂತ್ರವೇ ಇಲ್ಲ ಎನ್ನುತ್ತದೆ. ಆಗ ಎದೆ ಒಡೆದುಕೊಳ್ಳಬೇಡಿ. ಕ್ಯೂಎಮುಗೆ ಪ್ರೊಸೆಸರಿನ ನೇರ ನೆರವು ಕೊಡಿಸುವ ಕೆವಿಎಂಗೆ ಬೇರೆ ಆವೃತ್ತಿ ಹುಡುಕುವುದೂ ಬೇಡ. 2007ರಲ್ಲಿ ಬಂದ 2.6.20 ಆವೃತ್ತಿಯಿಂದ ಅದು ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಒಳಗೇ ಇದೆ, ‘ಯುನೇಮ್ -ಆರ್’ ಹೇಳುವ ಕರ್ನೆಲ್ ಆವೃತ್ತಿಯೇ ಲೆಕ್ಕ.

ಇಷ್ಟು ಮಾಡಿದರೂ ನಿಮಗೆ ಸಿಕ್ಕಿದ್ದು ಡಿಸ್ಕಿನಲ್ಲಿರುವ ಕಡತದ ಆವೃತ್ತಿ. ‘ವಿರ್ಶ್ ವರ್ಷನ್’ ಕೊಟ್ಟಾಗ ಕೊನೆಯಲ್ಲಿ ‘ಓಡುತ್ತಿರುವ ಹೈಪರ್‌ವೈಸರ್’ (ಇಲ್ಲಿ ಕ್ಯೂಎಮು) ಎಂದು ತೋರಿಸುವುದೂ ಅದನ್ನೇ. ನಿನ್ನೆ ಅಪ್‌ಡೇಟ್ ಮಾಡಿದ್ದರೆ, ಅದಕ್ಕೂ ಮೊದಲು ಶುರುವಾದ ಯಂತ್ರ ಹಳೆಯ ಕ್ಯೂಎಮು ಮೇಲೆಯೇ ಓಡುತ್ತಿರುತ್ತದೆ. ಆ ಪ್ರೊಸೆಸ್ಸಿನ ಸಂಖ್ಯೆ ಹಿಡಿದು ‘/ಪ್ರಾಕ್’ ಅಡಿಯಲ್ಲಿ ಅದರ ‘ಎಕ್ಸ್‌ಇ’ ಕೊಂಡಿಯನ್ನು ‘ಎಲ್‌ಎಸ್ -ಎಲ್’ನಿಂದ ನೋಡಿ, ಪಕ್ಕದಲ್ಲಿ ‘ಡಿಲೀಟೆಡ್’ ಎಂದಿದ್ದರೆ ಓಡುತ್ತಿರುವುದು ಹಳೆಯದೇ. ವರ್ಚುವಲ್ ಯಂತ್ರದ ಒಳಗಿನಿಂದ ರೀಬೂಟ್ ಮಾಡಿದರೆ ಪ್ರೊಸೆಸ್ ಬದಲಾಗುವುದಿಲ್ಲ. ಪೂರ್ತಿ ಆರಿಸಿ ಮತ್ತೆ ಶುರು ಮಾಡಬೇಕು. ನಮ್ಮಲ್ಲಿ ಆಷಾಢದ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಚೆಲ್ಲಿದಾಗ ಈ ಕೆಲಸ ತಾನಾಗಿಯೇ ಆಗುತ್ತದೆ.